ಹದಿನೆಂಟನೆಯ ಮಾಲೆ

"ಅವರಿಗೆ ಹೇಳ್ಬೇಡಿ ಸ್ವಾಮಿ," ಎಂದಳು ಯಲ್ಲಮ್ಮ, ಚಪ್ಪರದ ಹೊರಗೇ ನಿಂತು. "ಮಲೆಗೆ ಹೋಗಿ ಬಂದ್ಮೇಲೆ ನಾನೇ ಹೇಳ್ತೀನಿ. ಪಾಪ ಬಂದ್ರೆ ನಂಗೇ ಬರ್ಲಿ."

ಒಳಗೆ ಅವಳ ಗಂಡ ಹುಲಿಯಪ್ಪ ಕಪ್ಪು ಪಂಚೆ ಮೇಲೆತ್ತಿ ಕಟ್ಟಿಕೊಂಡು ಅಯ್ಯಪ್ಪನ ಪಟದ ಮುಂದೆ ನೆಲ ಒರೆಸುತ್ತಿದ್ದ. ಆಯನೂರಿನಲ್ಲಿ ಅವನ ಅಣ್ಣ ಬೆಳಗಿನ ಜಾವ ತೀರಿಕೊಂಡಿದ್ದ. ಅಂಗಡಿಯ ಫೋನಿಗೆ ಸುದ್ದಿ ಬಂದಿತ್ತು, ಸಂಜೆಯೊಳಗೆ ಮಣ್ಣು ಮಾಡುತ್ತಾರಂತೆ. ಗುರುಸ್ವಾಮಿ ನಾಗಯ್ಯ ಒಳಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದ.

ನಿಯಮವೇನೋ ಭದ್ರಾವತಿಯ ಹೊಸಮನೆ ಬಡಾವಣೆಯ ಮಕ್ಕಳಿಗೂ ಗೊತ್ತು. ಮಾಲೆ ಹಾಕಿದವನ ಮನೆತನದಲ್ಲಿ ಸಾವಾದರೆ ಸೂತಕ. ಮಾಲೆ ತೆಗೆಯಬೇಕು, ಆ ವರ್ಷ ಶಬರಿಮಲೆಯಿಲ್ಲ. ಆದರೆ ಹುಲಿಯಪ್ಪ ಮಾಲೆ ಹಾಕಿದ್ದು ಭಕ್ತಿ ಉಕ್ಕಿ ಅಲ್ಲ. ಕಾರ್ಖಾನೆ ಗೇಟಿನಲ್ಲಿ ಲಾರಿಗೆ ಲೋಡು ಮಾಡುವ ಈ ಮನುಷ್ಯ ಮದುವೆಯಾದಾಗಿನಿಂದ ಒಂದು ಸಂಜೆಯೂ ಕುಡಿಯದೆ ಮನೆಗೆ ಬಂದವನಲ್ಲ. ಹೆಂಡತಿ ಆಣೆ ಹಾಕಿಸಿದಳು, ತಾಯಿತ ಕಟ್ಟಿಸಿದಳು. ಕುಡುಕನ ಆಣೆ ಎಷ್ಟು ಹೊತ್ತಿನದು! ಕೊನೆಗೆ ದೀಪಾವಳಿ ಕಳೆದ ಮೇಲೆ ಅವನೇ ನಾಗಯ್ಯನ ಮುಂದೆ ಬಂದು ನಿಂತು, ನನ್ನ ಕೊರಳಿಗೂ ಒಂದು ಹಾಕಿ, ದನಕ್ಕೆ ಹಗ್ಗ ಹಾಕಿದ ಹಾಗಾದರೂ ಇರುತ್ತೆ ಅಂದಿದ್ದ. ಅಂದಿನಿಂದ ತೊಟ್ಟು ಮುಟ್ಟಿರಲಿಲ್ಲ. ತಣ್ಣೀರಿನ ಸ್ನಾನಕ್ಕೆ ಎಲ್ಲರಿಗಿಂತ ಮುಂಚೆ ಏಳುತ್ತಿದ್ದ, ಗಂಟಲು ಹರಿಯುವಂತೆ ಶರಣು ಕೂಗುತ್ತಿದ್ದ. ಯಲ್ಲಮ್ಮನಿಗೆ ಈಗ ಸಂಜೆಯಾದರೆ ಎದೆ ಡವಗುಟ್ಟುತ್ತಿರಲಿಲ್ಲ. ಆ ಸುಖವನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿಲ್ಲ. ಅವಳದು ತಪ್ಪು ಅನ್ನುವವರು ಆ ಮನೆಯಲ್ಲಿ ಒಂದು ವಾರ ಇದ್ದು ಬರಲಿ.

"ಅಣ್ಣತಮ್ಮಂದಿರಿಗೆ ಹತ್ತು ವರ್ಷದಿಂದ ಮಾತಿಲ್ಲ," ಎಂದಳು. "ಮಾತೇ ಇಲ್ಲದ ಮೇಲೆ ಸೂತಕ ಹ್ಯಾಗೆ ಬರುತ್ತೆ ಸ್ವಾಮಿ?"

ನಾಗಯ್ಯನಿಗೆ ಸಿಟ್ಟು ಬಂತು. ಅವಳ ಮೇಲಲ್ಲ, ತನ್ನ ಮೇಲೆ. ಹದಿನೇಳು ಸಲ ಮಲೆ ಹತ್ತಿಳಿದವನು ಅವನು. ಈ ಸಲ ಹತ್ತಿದರೆ ಹದಿನೆಂಟು; ತೆಂಗಿನ ಸಸಿ ಹೊತ್ತುಕೊಂಡು ಹೋಗಿ ಅಲ್ಲಿ ನೆಟ್ಟರೆ ಗುರುಸ್ವಾಮಿ ಅನ್ನಿಸಿಕೊಂಡದ್ದು ಪೂರ್ತಿಯಾಗುತ್ತದೆ. ಅಂಥವನ ಹತ್ತಿರ ಈ ಹೆಂಗಸು ಕೇಳಿದ್ದಕ್ಕೆ ಉತ್ತರವಿರಲಿಲ್ಲ. ನೋಡೋಣ ಅಂದು ಒಳಗೆ ಬಂದ.

ಪೂಜೆ ಮುಗಿಯುವವರೆಗೂ ಸುದ್ದಿ ಬಾಯಲ್ಲಿ ಬಿಸಿತುಪ್ಪದಂತೆ ಇತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಸುಮ್ಮನಿದ್ದರೆ ಒಂದು ಸಂಸಾರ ಉಳಿಯುತ್ತದೆ. ಆದರೆ ಒಡಹುಟ್ಟಿದವನ ಮುಖ ಕೊನೆಯ ಸಲ ನೋಡದ ಹಾಗೆ ತಡೆದದ್ದು ನಾಳೆ ಅವನಿಗೆ ತಿಳಿದರೆ? ತನಗೆ ನಿಜವಾಗಿ ಭಯ ಯಾವುದರದ್ದು? ಸೂತಕದವನ ಜೊತೆ ಹೋಗಿ ತನ್ನ ಹದಿನೆಂಟನೆಯ ಯಾತ್ರೆ ಕೆಟ್ಟೀತು ಅಂತಲೋ? ಯೋಚಿಸಿದಷ್ಟೂ ತಲೆ ಕೆಟ್ಟುಹೋಯಿತು. ಮಂಗಳಾರತಿ ತಟ್ಟೆ ಕೆಳಗಿಟ್ಟವನೇ ಹುಲಿಯಪ್ಪನನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟ.

ಹುಲಿಯಪ್ಪ ನೆಲ ಒರೆಸಿದ್ದ ಒದ್ದೆ ಬಟ್ಟೆಯನ್ನು ಎತ್ತಿಕೊಂಡು ಹಿಂಡಿದ, ಮತ್ತೆ ಹಿಂಡಿದ. ಅಣ್ಣನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ.

"ಇದನ್ನ ತೆಗೀಬೇಡಿ ಸ್ವಾಮಿ," ಎಂದ, ಮಾಲೆ ಹಿಡಿದುಕೊಂಡು. "ತೆಗೆದ್ರೆ ನಾನು ಶಿವಮೊಗ್ಗ ದಾಟಲ್ಲ."

ಆಯನೂರಿಗೆ ಹೋಗಬೇಕಾದರೆ ಶಿವಮೊಗ್ಗದಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದ ಎದುರಿಗೇ ಹೆಂಡದಂಗಡಿಗಳ ಸಾಲು. ನಾಗಯ್ಯನಿಗೆ ಅರ್ಥವಾಯಿತು. ಆದರೂ ತೆಗೆಯಲೇಬೇಕು ಮಾರಾಯ ಅಂದ. ಸ್ವಾಮಿ ಅನ್ನುವ ಬದಲು ಮಾರಾಯ ಅಂದುಬಿಟ್ಟದ್ದು ಇಬ್ಬರಿಗೂ ಕೇಳಿಸಿತು.

"ಹಂಗಾದ್ರೆ ನೀವು ಬರ್ತೀರಾ ಜೊತೆಗೆ?"

ಮಾಲೆ ಹಾಕಿದವರು ಸಾವಿನ ಮನೆಯ ಹೊಸಿಲು ತುಳಿಯುವಂತಿಲ್ಲ. ಅದು ಕೇಳಿದವನಿಗೂ ಗೊತ್ತಿತ್ತು. ನಾಗಯ್ಯ ಅವನ ಮಾಲೆ ತೆಗೆದು ಪಟಕ್ಕೆ ಹಾಕಿದ. ಬರಿಯ ಕೊರಳು ಮುಟ್ಟಿ ನೋಡಿಕೊಳ್ಳುತ್ತ ಹುಲಿಯಪ್ಪ ತಬ್ಬಲಿಯಂತೆ ನಿಂತಿದ್ದ. ಯಾರನ್ನೂ ಕೇಳದೆ ನಾಗಯ್ಯ ತನ್ನ ಕೊರಳಿನದನ್ನೂ ತೆಗೆದ. ಚಪ್ಪರದಲ್ಲಿದ್ದ ಸ್ವಾಮಿಗಳು ಹೌಹಾರಿದರು. ನಿಮಗ್ಯಾವ ಸೂತಕ ಗುರುಸ್ವಾಮಿ, ಹದಿನೆಂಟನೇ ವರ್ಷ, ಎಂಥ ಹುಚ್ಚು ಅಂತ ಮುತ್ತಿಕೊಂಡರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಬಸ್ಸಿನಲ್ಲಿ ಯಲ್ಲಮ್ಮ ಹೆಂಗಸರ ಸೀಟಿನಲ್ಲಿ ಕೂತು ಒಂದು ಸಲವೂ ಹಿಂದೆ ತಿರುಗಲಿಲ್ಲ. ಹತ್ತುವಾಗಲೇ, ನೀವು ಹೇಳಬಾರದಿತ್ತು ಅಂದು ಮುಖ ತಿರುಗಿಸಿದ್ದಳು. ನಾಗಯ್ಯ ಪ್ಯಾಂಟು ಹಾಕಿದ್ದರೂ ಚಪ್ಪಲಿ ಮರೆತು ಬಂದಿದ್ದ. ಮನಸ್ಸಿನಲ್ಲೇ ಶರಣು ಹೇಳಿಕೊಳ್ಳಲು ಶುರುಮಾಡಿದವನು, ಮಾಲೆ ತೆಗೆದವನು ಹೇಳಬಹುದೋ ಬಾರದೋ ಅಂತ ಅನುಮಾನವಾಗಿ ನಡುವೆಯೇ ನಿಲ್ಲಿಸಿದ. ದೇವರನ್ನು ಬಿಟ್ಟು ಬಂದೆನೋ, ದೇವರು ಕಳಿಸಿದಲ್ಲಿಗೆ ಹೊರಟಿದ್ದೇನೋ? ಎರಡೂ ನಿಜ ಅನ್ನಿಸುತ್ತಿತ್ತು, ಎರಡೂ ಸುಳ್ಳು ಅನ್ನಿಸುತ್ತಿತ್ತು.

ಶಿವಮೊಗ್ಗದ ನಿಲ್ದಾಣದಲ್ಲಿ ನಾಗಯ್ಯ ನಾಚಿಕೆ ಬಿಟ್ಟು ಹುಲಿಯಪ್ಪನ ರಟ್ಟೆ ಹಿಡಿದುಕೊಂಡ. ಅವನು ಎದುರಿನ ಅಂಗಡಿಗಳ ಕಡೆ ನೋಡಿದ. ಆಯನೂರಿನ ಮೇಲೆ ಹೋಗುವ ಸಾಗರದ ಬಸ್ಸು ಹೊರಟಾಗ ಮೊದಲ ಸಲ ಬಾಯಿ ಬಿಟ್ಟ.

"ಕುಡಿಯೋದು ಕಲಿಸಿದ್ದೂ ಅವನೇ ಸ್ವಾಮಿ. ಜ್ವರ ಬಂದಾಗ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ದೂ ಅವನೇ. ಯಾವುದಕ್ಕೆ ಅಳ್ಬೇಕು ನಾನು?"

ನಾಗಯ್ಯ ಅವನ ಕಡೆ ತಿರುಗಿದ. ನಂಗೆ ಗೊತ್ತಿಲ್ಲ ಅಂದ. ಹದಿನೇಳು ವರ್ಷದಲ್ಲಿ ಕನ್ನಿಸ್ವಾಮಿಯೊಬ್ಬನಿಗೆ, ಅಂದರೆ ಮೊದಲ ಸಲದವನಿಗೆ, ಅವನು ಗೊತ್ತಿಲ್ಲ ಅಂದದ್ದು ಇದೇ ಮೊದಲು. ಹುಲಿಯಪ್ಪ ತಲೆಯಾಡಿಸಿ ಇನ್ನಷ್ಟು ಹತ್ತಿರ ಸರಿದು ಕೂತ.

ಆಯನೂರಿನಲ್ಲಿ ಹೆಂಗಸರು ಮನೆಯಲ್ಲೇ ಉಳಿದರು. ಹೊಲದ ಅಂಚಿನಲ್ಲಿ ಗುಂಡಿ ತೆಗೆದಿತ್ತು. ಅಲ್ಲಿಯ ರೂಢಿಯಂತೆ ಗುಂಡಿ ತೋಡಿದವರಿಗೂ ಹೆಣ ಹೊತ್ತವರಿಗೂ ಒಬ್ಬ ಮುದುಕ ಸ್ಟೀಲಿನ ಲೋಟಗಳಲ್ಲಿ ಸಾರಾಯಿ ಹಂಚುತ್ತಿದ್ದ. ಹುಲಿಯಪ್ಪನನ್ನು ಕಂಡವನೇ ಕಣ್ಣೀರು ಹಾಕಿ, ಲೋಟ ತುಂಬಿಸಿ ಅವನ ಕೈಗಿಟ್ಟ. "ಅಣ್ಣನ ಹೆಸರಲ್ಲಿ ಕುಡಿಯಪ್ಪ. ಬೇಡ ಅನ್ಬಾರದು."

ನಾಗಯ್ಯ ಬಾಯಿ ತೆರೆದ. ಯಾವ ಅಧಿಕಾರದಿಂದ ಬೇಡ ಅನ್ನುವುದು? ಕೊರಳಲ್ಲಿ ಏನೂ ಇರಲಿಲ್ಲ, ಅವನದರಲ್ಲೂ, ಇವನದರಲ್ಲೂ. ಹುಲಿಯಪ್ಪ ಲೋಟದ ಒಳಗೆ ಬಹಳ ಹೊತ್ತು ನೋಡಿದ. ಗುಂಡಿಯ ಹತ್ತಿರ ಯಾರೋ ಅವನ ಹೆಸರು ಕರೆದರು.

"ಇದನ್ನ ಹಿಡ್ಕೊಂಡಿರಿ," ಎಂದು ಲೋಟವನ್ನು ನಾಗಯ್ಯನ ಕೈಗೆ ಕೊಟ್ಟು ಹೋದ.

ಮಿಕ್ಕವರು ಮೂರು ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಹುಲಿಯಪ್ಪ ಮಂಡಿಯೂರಿ ಕೂತು ಎರಡೂ ತೋಳುಗಳಿಂದ ಎಳೆದೆಳೆದು ಹಾಕುತ್ತಲೇ ಇದ್ದ, ಅಳು ಈಗ ಗಟ್ಟಿಯಾಗಿ ಬರುತ್ತಿತ್ತು. ಸಾರಾಯಿಯನ್ನು ಚೆಲ್ಲಬೇಕೋ, ಕೆಳಗಿಡಬೇಕೋ, ಅವನು ಬಂದು ಕೇಳಿದರೆ ಕೊಡಬೇಕೋ ನಾಗಯ್ಯನಿಗೆ ತಿಳಿಯಲಿಲ್ಲ. ಉಳುಮೆಯ ಹೆಂಟೆಗಳ ನಡುವೆ ಬರಿಗಾಲಲ್ಲಿ, ತುಂಬಿದ ಲೋಟ ತುಳುಕದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ.