ಕೋರಮಂಡಲ್‌ಗೆ ಹೋಗದ ಸಂದೇಶ

ಗಣಿಯ ದೂಳು ಕುಡಿದು ಶ್ವಾಸಕೋಶ ಕಲ್ಲಾದ ಮುದುಕರ ಮನೆಗಳಲ್ಲಿ ಒಂದು ಟ್ರಸ್ಟ್ ಆಮ್ಲಜನಕದ ಯಂತ್ರಗಳನ್ನು ಇಟ್ಟಿತ್ತು. ಕರೆಂಟ್ ಹೋಗಿ ಯಂತ್ರ ನಿಂತರೆ ಬಂಗಾರಪೇಟೆಯ ಕಚೇರಿಯ ಕಂಪ್ಯೂಟರಿಗೆ ತಿಳಿಯುತ್ತಿತ್ತು. ಅಲ್ಲಿಂದ, ಮೆಸೇಜ್ ಕಳಿಸಿಕೊಡುವ ಒಂದು ಕಂಪನಿಯ ಮೂಲಕ, ಟ್ರಸ್ಟಿನ ಕೆಲಸದ ಹುಡುಗ ವೇಣುವಿನ ಫೋನಿಗೆ ಸುದ್ದಿ ಹೋಗುತ್ತಿತ್ತು. ಅವನು ಬೈಕಿಗೆ ಸಿಲಿಂಡರ್ ಕಟ್ಟಿಕೊಂಡು ಓಡುತ್ತಿದ್ದ. ಈ ಏರ್ಪಾಟನ್ನು ನೋಡಿಕೊಳ್ಳುತ್ತಿದ್ದವಳು ಕ್ಯಾಸಂಬಳ್ಳಿಯ ನವ್ಯ.

ಅಂದು ಬೆಳಿಗ್ಗೆ ಕಂಪನಿ ಹೇಳಿದಂತೆ ಅವಳು ಹಳೆಯ ಕೀ ರದ್ದುಮಾಡಿ ಹೊಸದು ಹಾಕಿದಳು. ಕೀ ಎಂದರೆ ಗುಟ್ಟಿನ ಅಕ್ಷರಗಳ ಉದ್ದ ಸಾಲು. ಅದನ್ನು ನೋಡಿಯೇ ಕಂಪನಿ ಮೆಸೇಜನ್ನು ಒಳಗೆ ಬಿಡುವುದು. ಪರೀಕ್ಷೆಗೆ ಕಳಿಸಿದ ಮೆಸೇಜು ವಾಪಸು ಬಂತು: '401, ಗುರುತು ಒಪ್ಪಿಲ್ಲ.' ಮತ್ತೆ ಹಾಕಿದಳು. ಮತ್ತೆ ಅದೇ.

ಕಂಪನಿಯ ಸಹಾಯ ವಿಭಾಗಕ್ಕೆ ಬರೆದಳು: 'ಮೆಸೇಜ್ ಕಳಿಸೋ ನಿಮ್ಮ ಎಪಿಐ ಕೆಲಸ ಮಾಡ್ತಿಲ್ಲ. ತುಂಬಾ ಅರ್ಜೆಂಟ್. ಪ್ಲೀಸ್.'

'ಯಾವ ಎರರ್? ನಮ್ಮ ಯಾವ ವೆಬ್ ವಿಳಾಸಕ್ಕೆ ಕಳಿಸುತ್ತಿದ್ದೀರಿ?' ಎಂದು ಉತ್ತರ ಬಂತು. ಅವಳಿಗೆ ಸಿಟ್ಟು ಬಂತು. 'ಅರ್ಜೆಂಟ್ ಅಂತ ಹೇಳಿದೆನಲ್ಲ' ಎಂದಷ್ಟೇ ಬರೆದು ಅದೇ ಕೀಯನ್ನು ಮತ್ತೆ ಮತ್ತೆ ಹಾಕಿ ನೋಡತೊಡಗಿದಳು. ಮೇಲಧಿಕಾರಿ ಸುಧಾಕರ್ ವಿಚಾರಿಸಿದಾಗ, "ಇನ್ನೊಂಚೂರು ಸಾರ್, ಆಗೋಯ್ತು" ಎಂದಳು. ವೇಣುವಿಗಂತೂ ಹೇಳಲೇ ಇಲ್ಲ.

ಮಧ್ಯಾಹ್ನ ಗಣಿ ಕಾರ್ಮಿಕರ ಬಡಾವಣೆ ಕೋರಮಂಡಲ್‌ನಲ್ಲಿ ಕರೆಂಟ್ ಹೋಯಿತು. ಮುದುಕ ಮುನಿಸ್ವಾಮಪ್ಪನ ಯಂತ್ರ ನಿಂತಿತು. ಆ ಸುದ್ದಿ ವೇಣುವಿನ ಫೋನಿಗೆ ಮುಟ್ಟಲಿಲ್ಲ. ವೇಣು ಎಂದಿನಂತೆ ಬಂದೇ ಬರುತ್ತಾನೆಂದು ಹೆಂಡತಿ ಅನಸೂಯಮ್ಮ ಬಾಗಿಲಲ್ಲಿ ನಿಂತು ಬೀದಿ ನೋಡಿದಳು. ಗಂಡನ ತುಟಿ ನೀಲಿಗಟ್ಟಿದ ಮೇಲೆ ಪಕ್ಕದವರ ಆಟೋ ಹೊರಡಿಸಿದಳು. ಆಸ್ಪತ್ರೆಯ ಗೇಟು ಕಾಣುವಷ್ಟರಲ್ಲಿ ಅವನ ಉಸಿರು ನಿಂತಿತ್ತು. ಸುದ್ದಿ ಕೇಳಿದ ವೇಣು ಉಳಿದ ಮನೆಗಳಿಗೆ ಓಡಿದ.

ಸಾವಿನ ಸುದ್ದಿ ತಿಳಿದ ನವ್ಯ ಕಂಪನಿಗೆ ಹೊಸದಾಗಿ ಬರೆದಳು: 'ಬೆಳಿಗ್ಗೆ ಕೀ ಬದಲಿಸಿದೆ. ಆಗಿನಿಂದ ಎಲ್ಲಕ್ಕೂ 401. ಕಳಿಸುತ್ತಿರುವ ವಿಳಾಸ ಇದು, ಬರುತ್ತಿರುವ ಉತ್ತರ ಪೂರ್ತಿ ಇದು. ಕೀ ಗುಟ್ಟಿನದು, ಅದರ ಮೊದಲ ಅಕ್ಷರಗಳನ್ನು ಮಾತ್ರ ಕೊಟ್ಟಿದ್ದೇನೆ.'

ಉತ್ತರ ಕೂಡಲೇ ಬಂತು: 'ಇದು ಪ್ರಯೋಗಕ್ಕೆಂದು ಕೊಡುವ ಕೀ. ನಿಮ್ಮ ವಿಳಾಸ ನಿಜವಾದ ಸೇವೆಯದು. ಕೀ ತೆಗೆದುಕೊಂಡ ಪುಟದಲ್ಲೇ ಕೆಳಗಿರುವ ನಿಜವಾದ ಸೇವೆಯ ಕೀ ಹಾಕಿ.'

ಹಾಕಿದಳು. ಮೆಸೇಜು ಹೋಯಿತು.

ಸಂಜೆ ವೇಣು ಬಂದು ಎದುರಿಗೆ ಕೂತ. "ನಂಗೊಂದ್ ಮಾತು ಏಳಿದ್ರೆ ಆಗ್ತಿತ್ತಲ್ಲ ನವ್ಯ? ಮೆಸೇಜ್ ಇಲ್ದಿದ್ರೇನು, ನಾನು ಅಲ್ಲೇ ಓಗಿ ಕೂತಿರ್ತಿದ್ದೆ."

"ನಾನೇ ಸರಿಮಾಡ್ಬಿಡ್ತೀನಿ ಅಂದ್ಕಂಡೆ."

ವೇಣು ಎದ್ದು ಬೈಕಿನ ಕಡೆ ನಡೆದ.

ಮಾರನೆಯ ದಿನ ಅವಳು ಕೋರಮಂಡಲ್‌ಗೆ ಹೋದಳು. ಅನಸೂಯಮ್ಮ ಅವಳ ಕೈ ಹಿಡಿದುಕೊಂಡಳು. "ವೇಣು ಬತ್ತಾನೆ ಅಂತ ಕಾದ್ಬಿಟ್ಟೆ ಕಣಮ್ಮ. ಮೊದ್ಲೇ ಆಟೋ ಕರೀಬೇಕಾಗಿತ್ತು. ನಂದೇ ತಪ್ಪು."

"ನಿಮ್ದಲ್ಲಮ್ಮ" ಎಂದಳು ನವ್ಯ. ಬೆಳಿಗ್ಗೆಯೇ ಕೆಟ್ಟಿದ್ದನ್ನು, ಯಾರಿಗೂ ಹೇಳದೆ ಇದ್ದುದನ್ನು ಒಂದೂ ಬಿಡದೆ ಹೇಳಿದಳು.

ಅನಸೂಯಮ್ಮ ಕೊನೆಯವರೆಗೂ ಕೇಳಿದಳು. ಆಮೇಲೆ ಹಿಡಿದಿದ್ದ ಕೈ ಬಿಟ್ಟು ಗೋಡೆಯ ಕಡೆ ತಿರುಗಿದಳು.

"ಓಗಮ್ಮ" ಎಂದಳು.