ಗುಂಡಿಯವರ ಪಾಲಿನ ಬೆಲ್ಲ

ಸಾತಪ್ಪನಿಗೆ ಒಂದು ಮಾತು ಪೂರ್ತಿ ಆಡುವಷ್ಟು ಉಸಿರು ಇರಲಿಲ್ಲ.

"ಏ ಭಾಡ್ಯಾ, ಕೆಮ್ಮಾಕ ಪಗಾರ ಕೊಡಾಕತ್ತೇನೇನ್ ನಾ? ಬೆಂಕಿ ಇಳದೈತಿ, ಹಾಕ!" ಮೇಲಿಂದ ಮಾಲಿಂಗಪ್ಪ ಸಾವಕಾರ ಒದರಿದ.

"ಹಾಕ್ತೀನ್ರಿ..." ಎಂದ ಸಾತಪ್ಪ. ತಡೆದು, ಉಸಿರು ಎಳೆದುಕೊಂಡು, "...ಸಾವಕಾರ್ರ" ಎಂದ.

ಮಸಗುಪ್ಪಿಯ ಹೊರಗಿನ ಆ ಬೆಲ್ಲದ ಗಾಣದಲ್ಲಿ ನಮ್ಮ ಕೇರಿಯವರು ಆರು ಜನ. ನಾಲ್ವರು ಕಬ್ಬು ಹಿಂಡುತ್ತಿದ್ದೆವು. ಸಾತಪ್ಪ ಮತ್ತು ಅವನ ಹೆಂಡತಿ ಉದ್ದವ್ವ ಒಲೆಯ ಗುಂಡಿಯಲ್ಲಿ ಕೂತು ಉರಿ ಹಾಕುತ್ತಿದ್ದರು. ಪಾಕ ನೋಡುವವನು ಸಾವಕಾರನ ಕುಲದ ಖಂಡೆಪ್ಪ. ಪಾಕ ಕುದಿಯುವ ಕೊಪ್ಪರಿಗೆಯನ್ನು ನಾವು ಮುಟ್ಟುವಂತಿರಲಿಲ್ಲ. ಅದರ ಕೆಳಗಿನ ಬೆಂಕಿ ಮುಟ್ಟಬಹುದಿತ್ತು.

ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ ಒಲೆಗೆ ಹಾಕುವುದು ಕ್ರಮ. ಮೊದಲೆಲ್ಲ ದಸರೆಗೆ ಮಳೆ ತೀರುತ್ತಿತ್ತು. ಮೂರು ವರ್ಷದಿಂದ ದೀಪಾವಳಿ ದಾಟಿದರೂ ಮೋಡ ಹೋಗುತ್ತಿರಲಿಲ್ಲ. ಕಣದಲ್ಲಿ ಹರಡಿದ ಸಿಪ್ಪೆ ಅಲ್ಲೇ ಕೊಳೆಯಿತು. ಸಾವಕಾರ ಸಂಕೇಶ್ವರದ ಹೆದ್ದಾರಿ ಬದಿಯಿಂದ ಟ್ರ್ಯಾಕ್ಟರ್ ತುಂಬ ಹಳೆ ಟೈರು ತರಿಸಿದ. ಟೈರು ಮಳೆಗೆ ಅಂಜುವುದಿಲ್ಲ. ಅದರ ಹೊಗೆ ಚಿಮಣಿಗಿಂತ ಮೊದಲು ಗುಂಡಿಗೆ ಬರುತ್ತಿತ್ತು.

ಒಣ ಸಿಪ್ಪೆ ಇಲ್ಲವೆಂದಲ್ಲ. ತಗಡಿನ ಶೆಡ್ಡಿನಲ್ಲಿ ಸೂರು ಮುಟ್ಟುವಷ್ಟು ಒಟ್ಟಿತ್ತು. ಅದು ಇಟ್ಟಿಗೆ ಭಟ್ಟಿಗೆ ಮಾರುವುದಕ್ಕೆ.

ದಿನಾ ಸಂಜೆ ಖಂಡೆಪ್ಪ ಮೇಲಿಂದ ಉದ್ದವ್ವನ ಸೆರಗಿಗೆ ಒಂದು ಬೆಲ್ಲದ ಉಂಡೆ ಎಸೆಯುತ್ತಿದ್ದ. ಗುಂಡಿಯವರ ಪಾಲು.

"ತಿನ್ರಿ, ಹೊಗಿ ಇಳೀತೈತಿ."

ನಮ್ಮ ಅಜ್ಜಂದಿರಿಗೂ ಇದನ್ನೇ ಹೇಳಿದ್ದರು. ನಾವೂ ನಂಬಿದ್ದೆವು. ಉದ್ದವ್ವ ತನ್ನ ಪಾಲನ್ನೂ ಗಂಡನಿಗೇ ತಿನ್ನಿಸುತ್ತಿದ್ದಳು. ಜೋಳದ ಅಂಬಲಿ ಬಿಟ್ಟರೂ ಅವನು ಬೆಲ್ಲ ಬಿಡುವಂತಿರಲಿಲ್ಲ.

ಕಫ ಕಪ್ಪಾಗಿ ಬೀಳತೊಡಗಿದಾಗ ಗೋಕಾಕಿಗೆ ಕರೆದೊಯ್ದಳು. ಜೊತೆಗೆ ನಾನು ಹೋಗಿದ್ದೆ. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿದರು.

"ಟೀಬಿ ಅಲ್ಲ. ಬೀಡಿ ಎಷ್ಟ ಸೇದ್ತಾನ?"

"ಬೀಡಿ ಮುಟ್ಟಿಲ್ರಿ. ಟೈರ್ ಸೇದ್ತಾನ" ಎಂದಳು ಉದ್ದವ್ವ.

ಡಾಕ್ಟರು ನಗಲಿಲ್ಲ. ಇಬ್ಬರೂ ಒಲೆಯ ಗುಂಡಿಯಲ್ಲಿ ಕೂರುವುದನ್ನು ಕೇಳಿ ತಿಳಿದುಕೊಂಡರು. "ಪುಪ್ಪಸ ಅರ್ಧಕ್ಕಿಂತ ಹೆಚ್ಚ ಹೋಗೇತಿ. ಗುಂಡಿ ಬಿಡಸ್ರಿ. ನೀನೂ ಬಿಡ."

"ದಿನಾ ಬೆಲ್ಲಾ ತಿನ್ನಸ್ತೇನಲ್ರಿ? ಹೊಗಿ ಇಳೀಬೇಕಲ್ಲ?"

"ಬೆಲ್ಲ ಹೊಟ್ಟೀಗೆ ಹೋಗತೈತಿ, ತಂಗಿ. ಹೊಗಿ ಎದೀಗೆ ಹೋಗತೈತಿ. ದಾರಿ ಬ್ಯಾರೆ ಬ್ಯಾರೆ."

ಬಸ್ಸು ಇಳಿಯುವಾಗ ಉದ್ದವ್ವ ನನ್ನ ಕಡೆ ತಿರುಗಿ, "ನನ್ನ ಕೈಯಾರೆ ತಿನ್ನಿಸಿ ತಿನ್ನಿಸಿ ಮತ್ತ ಗುಂಡ್ಯಾಗ ಕೂಡಿಸೇನಲ್ಲೋ" ಎಂದಳು.

ಮರುದಿನ ಸಾವಕಾರನ ಮನೆಗೆ ಮಮದಾಪುರದ ಬೀಗರು ಬಂದಿದ್ದರು. ಬಿಸಿ ಬೆಲ್ಲ ತಿನ್ನಲೆಂದು ಗಾಣದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಉದ್ದವ್ವ ಗಂಡನನ್ನು ಬೇವಿನ ಮರದ ಕೆಳಗೆ ಕೂರಿಸಿ ಅವರ ಜೊತೆಗಿದ್ದ ಸಾವಕಾರನೆದುರು ಹೋಗಿ ನಿಂತಳು.

"ಸಾವಕಾರ್ರ, ಶೆಡ್ಡಿನ್ಯಾಗಿನ ಒಣಾ ಸಿಪ್ಪಿ ಕೊಡ್ರಿ. ಟೈರ್ ಹಾಕೂದಿಲ್ಲ."

"ನಿನ್ನ ಗಂಡನ ಎದಿ ಸಲುವಾಗಿ ನನ್ನ ಸಿಪ್ಪಿ ಸುಡ್ಲೇನ? ಅಂವಗ ಆಗದಿದ್ರ ಬಿದ್ಕೊಳ್ಳಲಿ. ನೀ ಇಳಿ ಗುಂಡ್ಯಾಗ, ರಂಡಿ. ಇವತ್ತ ಎರಡುಂಡಿ ಒಗಿಸ್ತೇನಿ."

ಬೀಗರು ನಕ್ಕರು. ಉದ್ದವ್ವ ಗುಂಡಿಗೆ ಇಳಿದಳು. ಸೋತಳು ಅಂದುಕೊಂಡೆವು.

ಮಧ್ಯಾಹ್ನ ಪಾಕ ಏರುವ ಹೊತ್ತಿಗೆ ಖಂಡೆಪ್ಪ ಕೂಗಿದ: "ಉರಿ ಬಿಡಬ್ಯಾಡ, ಬಂತ, ಬಂತ!" ಆ ಹೊತ್ತಿನಲ್ಲಿ ಉರಿ ತಪ್ಪಿದರೆ ಬೆಲ್ಲ ಅಚ್ಚಿಗೆ ನಿಲ್ಲುವುದಿಲ್ಲ. ಇದು ಖಂಡೆಪ್ಪನಿಗೆ ಗೊತ್ತಿದ್ದಷ್ಟೇ ಉದ್ದವ್ವನಿಗೂ ಗೊತ್ತಿತ್ತು. ಅವಳು ಕಬ್ಬಿಣದ ಕೊಕ್ಕೆಯಿಂದ ಉರಿಯುವ ಟೈರನ್ನು ಹೊರಗೆಳೆದು ಮೇಲೆ ಮಣ್ಣು ಹಾಕಿದಳು. ಕೊಳೆತ ಹಸಿ ಸಿಪ್ಪೆಯನ್ನು ಬುಟ್ಟಿಗಟ್ಟಲೆ ಒಲೆಯ ಬಾಯಿಗೆ ತುರುಕಿದಳು. ಬೆಂಕಿ ಸತ್ತಿತು. ಹೊಗೆ ಗುಂಡಿಯಿಂದ ಎದ್ದು ಕುರ್ಚಿಗಳ ಕಡೆ ತಿರುಗಿತು. ಬೀಗರು ಧೋತರದಿಂದ ಮೂಗು ಮುಚ್ಚಿಕೊಂಡು ಎದ್ದರು.

"ಸೂಳೆ ಮಗಳ! ಬೆಂಕಿ ಯಾಕ ಕೆಡಿಸ್ದಿ?" ಸಾವಕಾರ ಬಡಿಗೆ ಎತ್ತಿಕೊಂಡು ಗುಂಡಿಯ ಅಂಚಿಗೆ ಬಂದ. ಮುಂದಿನ ಬೈಗುಳ ಬಾಯಿಗೆ ಬರುವಷ್ಟರಲ್ಲಿ ಕೆಮ್ಮು ಹಿಡಿಯಿತು.

ನಾನು ಕಬ್ಬು ಹಿಂಡುವ ಇಂಜಿನ್ ಬಂದ್ ಮಾಡಿದೆ. ಉಳಿದ ಮೂವರು ಕೈಯಲ್ಲಿದ್ದ ಕಬ್ಬು ಕೆಳಗೆ ಹಾಕಿದರು. ಸದ್ದಡಗಿದ ಮೇಲೆ ಎರಡೇ ಕೆಮ್ಮು ಕೇಳುತ್ತಿದ್ದವು. ಒಂದು ಬೇವಿನ ಮರದ ಕೆಳಗಿನದು, ಒಂದು ಸಾವಕಾರನದು.

ಉದ್ದವ್ವ ಮೇಲೆ ಹತ್ತಿ ಬಂದಳು. ಮುಖದ ಮಸಿಯಲ್ಲಿ ಕಣ್ಣು ಮಾತ್ರ ಕಾಣುತ್ತಿದ್ದವು. ಸೆರಗಿನ ಗಂಟು ಬಿಚ್ಚಿ, ಗಂಡನಿಗೆ ತಿನ್ನಿಸದೆ ಉಳಿಸಿದ್ದ ಹಳೆ ಉಂಡೆ ತೆಗೆದು ಸಾವಕಾರನ ಖಾಲಿ ಕೈಗೆ ಕೈ ಮುಟ್ಟಿಸಿಯೇ ಇಟ್ಟಳು.

"ತಿನ್ರಿ ಸಾವಕಾರ್ರ, ಹೊಗಿ ಇಳೀತೈತಿ. ಸಂಜೀಮಟಾ ಗುಂಡ್ಯಾಗ ಕೂತ್ರ ಇನ್ನೊಂದುಂಡಿ ನಾ ಒಗೀತೇನಿ."

ಬಡಿಗೆ ಎತ್ತಿದ ಕೈ ಹಾಗೇ ಇತ್ತು. ನಾವು ನಾಲ್ವರು ಅವಳ ಹಿಂದೆ ಹೋಗಿ ನಿಂತೆವು.

ಅವತ್ತು ಒಂದು ಕೊಪ್ಪರಿಗೆ ಪಾಕ ಕೆಟ್ಟಿತು. ಆರು ಜನರ ಕೆಲಸ ಹೋಯಿತು. ಯುಗಾದಿಗೆ ಎಂಟು ದಿನ ಇರುವಾಗ ಸಾತಪ್ಪ ಹೋದ, ನಲವತ್ತೊಂದು ವರ್ಷದವನು. ಗಾಣದ ಹಿಂದೆ ಇಪ್ಪತ್ತಮೂರು ಟೈರು ಉಳಿದಿದ್ದವು. ಗುಂಡಿಗೆ ಇಳಿಯಲು ನಮ್ಮ ಕೇರಿಯಿಂದ ಒಬ್ಬರೂ ಹೋಗಲಿಲ್ಲ.