ಒಂಬತ್ತನೇ ಸುಮಿ

“ಇದು ಸೊನ್ನೆಯೋ ಎಂಟೋ ಅಪ್ಪಾ? ಗೆರೆ ಅಡ್ಡ ಬಂದದೆ.”

ಸುಮಿತ ಬೋಟಿನ ಹಳೇ ಜಿಪಿಎಸ್ಸನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದಿದ್ದಳು. ಜಟ್ಟ ಬಗ್ಗಿ ನೋಡಿದ. ಅಂಗೈಯಗಲದ ಪರದೆಯ ನಡುವೆ ಕಪ್ಪು ಗೆರೆಯೊಂದು ಬಿದ್ದು ತಿಂಗಳಾಗಿತ್ತು. ಅದರ ಅಡಿಗೆ ಸಿಕ್ಕಿಬಿದ್ದ ಅಂಕೆ ಸೊನ್ನೆ ಅಂದರೆ ಸೊನ್ನೆ, ಎಂಟು ಅಂದರೆ ಎಂಟು.

“ಸೊನ್ನೆ. ಎಂಟಾದ್ರೆ ಅದು ಮುರ್ಡೇಶ್ವರದ ಗುಡ್ಡಕ್ಕೆ ಹೋತದೆ. ಶೆಟ್ಲಿ ಮೀನು ಗುಡ್ಡ ಹತ್ತೂದಿಲ್ಲ.”

ಸುಮಿತ ನಕ್ಕು ತೊಡೆಯ ಮೇಲಿದ್ದ ಹೊಸ ಮಿಶಿನ್ನಿನಲ್ಲಿ ಸೊನ್ನೆ ಒತ್ತಿದಳು. ಪಿಯುಸಿ ಓದುವ ಹುಡುಗಿ, ಬೆರಳು ಚುರುಕು. ಆದರೂ ಬೆಳಿಗ್ಗೆ ಗಂಜಿ ಉಂಡು ಕೂತವರು ಮಧ್ಯಾಹ್ನವಾದರೂ ಅರ್ಧ ದಾಟಿರಲಿಲ್ಲ. ಸಮುದ್ರದ ಒಂದು ಜಾಗಕ್ಕೆ ಎರಡು ಸಾಲು ಅಂಕೆ, ಒಂದು ಹೆಸರು. ಅಂಥವು ನೂರಾ ಹದಿನೇಳು. ಹಳೇದು ಒಂದು ಕಂಪನಿಯದು, ಹೊಸದು ಇನ್ನೊಂದರದು. ಒಂದರ ವೈರು ಇನ್ನೊಂದಕ್ಕೆ ಹೋಗುವುದಿಲ್ಲ. ಹೊನ್ನಾವರದ ಪೇಟೆಯಲ್ಲಿ ರೇಡಿಯೋ ರಿಪೇರಿಯವನೊಬ್ಬ ಕಂಪ್ಯೂಟರಿಗೆ ಹಾಕಿ ಹತ್ತು ನಿಮಿಷದಲ್ಲಿ ದಾಟಿಸಿಕೊಡುತ್ತೇನೆ ಅಂದಿದ್ದ. ದಾಟಿಸುತ್ತಾನೆ, ಯಾಕಿಲ್ಲ! ಹನ್ನೊಂದನೇ ನಿಮಿಷಕ್ಕೆ ಕಾಸರಕೋಡ ಬಂದರಿನ ಅಷ್ಟೂ ಬೋಟಿಗೆ ದಾಟಿಸುತ್ತಾನೆ.

ಹೆಸರುಗಳ ಸಂಗತಿ ಬೇರೆಯೇ. ಮಿಶಿನ್ನಿಗೆ ಇಂಗ್ಲಿಷ್ ಅಕ್ಷರವೇ ಆಗಬೇಕು. ಜಟ್ಟನಿಗೆ ಬರುತ್ತಿದ್ದದ್ದು ಮಗಳು ಕಲಿಸಿದ ಏಳೆಂಟು ಅಕ್ಷರ. ಅದರಲ್ಲೇ ಸಮುದ್ರವನ್ನೆಲ್ಲ ಹೊಂದಿಸಿಕೊಂಡಿದ್ದ. ಸೀಗಡಿ ತುಂಬಿ ಬರುವ ಜಾಗಗಳಿಗೆ ಮಗಳ ಹೆಸರು: ಸುಮಿ ಒಂದು, ಸುಮಿ ಎರಡು, ಹೀಗೆ ಎಂಟರವರೆಗೆ. ನೀರಡಿಯ ಕಲ್ಲು ಬಲೆ ಕಚ್ಚಿ ಹರಿಯುವ ಜಾಗಗಳಿಗೆ, ಹೆಂಡತಿಯ ತಾಯಿ ಬದುಕಿದ್ದಾಗಲೇ, ಅತ್ತೆ ಎಂದಿಟ್ಟಿದ್ದ. ಅತ್ತೆ ಒಟ್ಟು ಏಳು. ಉಳಿದವೆಲ್ಲ ಬರೀ ನಂಬರು. ಅವನ ಬೋಟಿನಲ್ಲೇ ಬಲೆ ಎಳೆಯುವ ಖಲಾಸಿಯಾಗಿದ್ದ ಹೆಂಡತಿಯ ತಮ್ಮ ಈರ, “ಅಬ್ಬೆಗೆ ಗೊತ್ತಾದ್ರೆ ನಿಂಗೆ ಊಟ ಇಲ್ಲ ಬಾವಾ” ಎಂದು ನಗುತ್ತಿದ್ದ. ಮುದುಕಿಗೆ ಗೊತ್ತಾಗಿತ್ತು. “ಅಂತೂ ನನ್ನ ಕಂಡ್ರೆ ತಪ್ಪಿಸ್ಕಂಡು ಹೋಗೂ ಬುದ್ಧಿ ಬಂತಲ್ಲ ಅಳಿಯಂಗೆ” ಅಂದಿದ್ದಳು.

ಆವತ್ತು ಮಾತ್ರ ಜಟ್ಟನಿಗೆ ನಗು ಹತ್ತಿರ ಸುಳಿಯಲಿಲ್ಲ. ಕೂತಲ್ಲಿ ಕೂರಲಾರ. ಜಗುಲಿಗೆ ಹೋಗುವನು, ತೂಗುಹಾಕಿದ ಬಲೆ ಮುಟ್ಟುವನು, ಮತ್ತೆ ಒಳಗೆ ಬಂದು ಮಗಳ ತಲೆಯ ಮೇಲಿಂದ ಬಗ್ಗಿ ನೋಡುವನು.

ಕಾರಣ ಹಮ್ಮ. ಬಂದರಿನ ಚಾದಂಗಡಿಯ ಹಮ್ಮನ ಬಾಯಿಗೆ ಬೀಗ ಇಲ್ಲ. ಜಟ್ಟ ನಡೆಸುವ ಬೋಟಿನ ಮಾಲಕ ವಿಶ್ವನಾಥ ಸಾವ್ಕಾರರು ಎರಡನೇ ಬೋಟು ತೆಗೆದದ್ದು ಎಲ್ಲರಿಗೂ ಗೊತ್ತಿತ್ತು. ಮಳೆಗಾಲದ ಬಂದ್ ಮುಗಿದು ಬೋಟುಗಳು ಇಳಿಯಲು ಎರಡೇ ದಿನ ಇತ್ತು. ಅವರು ಹೊಸ ಬೋಟಿಗೆಂದು ತಂದ ಜಿಪಿಎಸ್ಸನ್ನು ಜಟ್ಟನ ಕೈಗಿಟ್ಟು, “ಹಳೇದ್ರಲ್ಲಿದ್ದ ಪಾಯಿಂಟೆಲ್ಲ ಇದಕ್ಕೆ ಹಾಕ್ಕೊಡು ಜಟ್ಟಾ, ಒಂದೂ ಬಿಡಬೇಡ” ಎಂದಿದ್ದರು. ಅದನ್ನು ನಡೆಸುವ ತಂಡೇಲ ಯಾರು ಅಂತ ಬಾಯಿ ಬಿಟ್ಟಿರಲಿಲ್ಲ. ಹಮ್ಮ ಬಿಟ್ಟ. “ತದಡಿಯ ಮಾಬ್ಲೇಶ್ವರ ಅಂತೆ ಮಾರಾಯ. ಮೀಸೆ ನೆಟ್ಟಗೆ ಬರ್ಲಿಲ್ಲ. ನಿನ್ನ ಪಾಯಿಂಟೆಲ್ಲ ಅವನ ಕೈಗೆ ಹೋದ್ಮೇಲೆ ನಿನ್ನ ಎಂತಕೆ ಇಟ್ಕಂತಾರೆ? ಬರೂ ವರ್ಷ ನೀ ದಡದಲ್ಲಿ ಬಲೆ ಹೊಲಿಯೂದು.”

ಮಿಶಿನ್ನಿಗೆ ದುಡ್ಡು ಕೊಟ್ಟವರು ಸಾವ್ಕಾರರು, ಒಪ್ಪಿದ. ಆದರೆ ಒಳಗಿದ್ದದ್ದು? ಇಪ್ಪತ್ತೆರಡು ವರ್ಷ ನಿದ್ದೆಗೆಟ್ಟು, ಬಲೆ ಹರಿದುಕೊಂಡು, ಬೈಸಿಕೊಂಡು ಹುಡುಕಿದ ಜಾಗ. ಅದು ಯಾರಪ್ಪನದು? ಅದಿದ್ದರೆ ತಾನು ತಂಡೇಲ. ಇಲ್ಲದಿದ್ದರೆ ಐವತ್ತು ದಾಟಿದ, ಮಂಡಿ ನೋಯುವ ಒಬ್ಬ ಗಂಡಸು. ಅಷ್ಟೇ.

“ಮುಂದಿಂದು ಅತ್ತೆ ನಾಲ್ಕು” ಅಂದಳು ಸುಮಿತ.

ಜಟ್ಟ ಬಾಗಿಲಲ್ಲೇ ನಿಂತ. ಅತ್ತೆ ನಾಲ್ಕು ಅಂದರೆ ಏಳರಲ್ಲೂ ಮಹಾ ಕೆಟ್ಟದ್ದು. ಹದಿನೆಂಟು ಮಾರು ಆಳದಲ್ಲಿ ಕೋರೆಹಲ್ಲಿನಂಥ ಕಲ್ಲು. ಒಮ್ಮೆ ಅವನ ಬಲೆ ಅದಕ್ಕೆ ಸಿಕ್ಕಿ ಬೋಟು ಹಿಂದಕ್ಕೆ ಜಗ್ಗಿ, ಹಿಂಬದಿಯಿಂದ ನೀರು ನುಗ್ಗಿತ್ತು. ಈರ ಕೊಡಲಿ ಬೀಸಿ ಬಲೆ ಕಡಿದ ಹೊತ್ತಿಗೆ ಎಲ್ಲರೂ ಮೊಣಕಾಲುದ್ದ ನೀರಲ್ಲಿದ್ದರು.

“ಅದಕ್ಕೆ ಅತ್ತೆ ಅಂತ ಹಾಕಬೇಡ. ಸುಮಿ ಒಂಬತ್ತು ಅಂತ ಹಾಕು.”

“ಎಂತ?”

“ಕಿವಿ ಕೇಳೂದಿಲ್ಯಾ? ಸುಮಿ ಒಂಬತ್ತು.”

“ಅದು ಕಲ್ಲಲ್ದಾ ಅಪ್ಪಾ? ಯಾರಾದ್ರೂ ಬಲೆ ಬಿಟ್ರೆ?”

“ಬಿಡ್ಲಿ. ಒಂದು ಬಲೆ ಹರಿದ್ರೆ ತದಡಿಯವಂಗೆ ಬುದ್ಧಿ ಬತ್ತದೆ. ನಾ ಹೇಳ್ದಂಗೆ ಬರಿ.”

“ನನ್ನ ಹೆಸರು ಎಂತಕೆ?” ಎಂದಳು ಸುಮಿತ ಸಣ್ಣ ಧ್ವನಿಯಲ್ಲಿ. ಜಟ್ಟ ಜಗುಲಿಗೆ ಹೋದ. ಒಳಗೆ ಗುಂಡಿ ಒತ್ತುವ ಸದ್ದು ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಒಂದೊಂದಾಗಿ ಕೇಳತೊಡಗಿತು.

ಕಾಸರಕೋಡ ಬಂದರಿನಲ್ಲಿ ಸುಳ್ಳು ಹೇಳದ ತಂಡೇಲ ಇಲ್ಲ. ಮೀನು ಸಿಕ್ಕಿದ್ದು ತೆಂಕಲಾದರೆ ಬಡಗಲು ಅನ್ನುತ್ತಾರೆ, ಬುಟ್ಟಿ ತುಂಬಿದ್ದರೆ ತಳ ಮಾತ್ರ ಅನ್ನುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಹಿಂದಿನವರಿಂದ ಬಂದ ಮಾತೊಂದಿದೆ: ಮೀನು ಮುಚ್ಚಿಡಬಹುದು, ಕಲ್ಲು ಮುಚ್ಚಿಡಬಾರದು. ಜಗಳ ಕಾದವನಿಗೂ ಕಲ್ಲಿನ ಜಾಗ ಕೂಗಿ ಹೇಳಬೇಕು. ಜಟ್ಟನೇ ಎಷ್ಟೋ ಹುಡುಗರಿಗೆ ಈ ಮಾತು ಹೇಳಿ ಕಿವಿ ಹಿಂಡಿದವನು. ಸಂಜೆ ಸಾವ್ಕಾರರ ಮನೆಗೆ ಮಿಶಿನ್ನು ಕೊಟ್ಟು ಬರುವಾಗ ಆ ಮಾತು ಒಮ್ಮೆ ನೆನಪಾಯಿತು. ಕ್ಯಾಕರಿಸಿ ಉಗುಳಿ ಮುಂದೆ ನಡೆದ.

ಮರುದಿನ ಹೊಸ ಬೋಟಿಗೆ ಪೂಜೆ. ಚಂಡುಹೂವಿನ ಮಾಲೆ, ಊದುಬತ್ತಿ, ಬಂದರಿನ ಅರ್ಧ ಜನ. ಜಟ್ಟ ಹಿಂದೆ ನಿಂತು ತದಡಿಯವನ ಮೋರೆ ಹುಡುಕುತ್ತಿದ್ದ. ಸಾವ್ಕಾರರು ಕುಂಕುಮದ ಬಟ್ಟಲು ಹಿಡಿದು ಸುತ್ತ ನೋಡಿ, “ಎಲ್ಲಿ, ತಂಡೇಲರು ಮುಂದೆ ಬರ್ಲಿ. ಬಾ ಈರಾ” ಅಂದರು.

ಜಟ್ಟನಿಗೆ ಮೊದಲು ತಿಳಿಯಲಿಲ್ಲ. ಈರ ಹೊಸ ಅಂಗಿ ಹಾಕಿಕೊಂಡು, ಕಿವಿವರೆಗೆ ನಾಚಿಕೊಂಡು ಮುಂದೆ ಬಂದ.

“ಮಾಬ್ಲೇಶ್ವರನ್ನ ಕೇಳಿದ್ದು ಹೌದು” ಎಂದರು ಸಾವ್ಕಾರರು ಜಟ್ಟನ ಕಡೆ ತಿರುಗಿ. “ಆದ್ರೆ ಹೋದ ವರ್ಷ ನೀನೇ ಹೇಳಿದ್ಯಲ್ಲ, ಇವ ಈಗ ನಿನ್ನಷ್ಟೇ ತಯಾರಾದ ಅಂತ. ನಿನ್ನ ಮಾತ್ನ ಮೇಲೆ ಕೊಟ್ಟಿದ್ದು ಮತ್ತೆ! ಮೊದ್ಲೇ ಹೇಳಬೇಡಿ, ಬಾವಂಗೆ ಖುಷಿ ಆಗ್ಲಿ ಅಂತ ಇವನೇ ಹೇಳಿದ.”

ಜಟ್ಟನ ಹೆಂಡತಿ ಕಮಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಪಕ್ಕದಲ್ಲಿದ್ದ ಸುಮಿತ ಅಳಲಿಲ್ಲ, ನಗಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ಈರ ಬಂದು ಜಟ್ಟನ ಕಾಲು ಮುಟ್ಟಿ ಎದ್ದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ನಿನ್ನೆ ಸಾವ್ಕಾರ್ರ ಮನೇಲಿ ಮಿಶಿನ್ನು ನೋಡ್ದೆ ಬಾವಾ. ಹನ್ನೆರಡು ವರ್ಷ ನಿನ್ನ ಸಂಗಡ ದುಡಿದೆ, ಸುಮಿ ಎಂಟೇ ಅಂತ ತಿಳ್ಕಂಡಿದ್ದೆ. ಒಂಬತ್ತನೇದು ನಮಗೂ ಮುಚ್ಚಿಟ್ಟಿದ್ದೆ ಅಲ್ದಾ? ಅದನ್ನೂ ಕೊಟ್ಬಿಟ್ಯಲ್ಲ! ಯಾರು ಕೊಡ್ತಾರೆ ಹೇಳು? ನಾಳೆ ನನ್ನ ಮೊದಲ ಬಲೆ ಅಲ್ಲೇ.”

ಜನ ಹೋ ಎಂದರು. ಹಮ್ಮ ಕೂಡ ಚಪ್ಪಾಳೆ ತಟ್ಟಿದ, ಕಳ್ಳ. ಆ ಮಂದಿಯೆದುರು ಬಾಯಿ ಬಿಟ್ಟರೆ ನಾಳೆಯಿಂದ ಜಟ್ಟನ ಬೋಟಿಗೆ ಒಬ್ಬ ಖಲಾಸಿಯೂ ಹತ್ತುವುದಿಲ್ಲ. ಕಲ್ಲು ಮುಚ್ಚಿಟ್ಟವನ ಜೊತೆ ಯಾರು ಸಮುದ್ರಕ್ಕೆ ಹೋಗುತ್ತಾರೆ? ಒಳಗೆ ಹೋಗಿ ಹೇಗಾದರೂ ತಿದ್ದೋಣವೆಂದು ಕ್ಯಾಬಿನ್ನಿಗೆ ಹತ್ತಿದ. ಮಿಶಿನ್ನನ್ನು ಆಗಲೇ ಸ್ಕ್ರೂ ಹಾಕಿ ಕೂರಿಸಿ, ಕುಂಕುಮ ಹಚ್ಚಿ, ಹೂ ಏರಿಸಿದ್ದರು. ಅದರ ಮುಂದೆ ಮೂರು ಖಲಾಸಿಗಳು ಕುತ್ತಿಗೆ ಚಾಚಿ ನಿಂತಿದ್ದರು. “ಮುಟ್ಬೇಡ ಜಟ್ಟಣ್ಣಾ, ಪೂಜೆ ಆಗದೆ, ನಾಳೆವರೆಗೆ ಯಾರೂ ಮುಟ್ಟೂ ಹಾಗಿಲ್ಲ” ಅಂದ ಒಬ್ಬ. ಜಟ್ಟ ಕೈ ಹಿಂದೆ ತೆಗೆದುಕೊಂಡ.

ಮನೆಯಲ್ಲಿ ಕಮಲಿ ಪಾಯಸ ಮಾಡಿದಳು. ತಮ್ಮನ ತಟ್ಟೆಗೆ ಎರಡೆರಡು ಸಲ ಬಡಿಸಿದಳು. “ನಮ್ಮ ಅಬ್ಬೆ ಇರಬೇಕಿತ್ತು” ಅಂದಳು. ಜಟ್ಟ ಪಾಯಸದ ತಟ್ಟೆ ಪಕ್ಕಕ್ಕೆ ಸರಿಸಿದ. ಹೇಳಬೇಕು, ಈಗ ಹೇಳಬೇಕು ಅಂದುಕೊಂಡ. ಪ್ರತಿ ಸಲ ಈರ “ಬಾವಾ” ಎಂದು ಅವನ ಮುಖ ನೋಡುತ್ತಿದ್ದ, ಪ್ರತಿ ಸಲ ಮಾತು ಹೊಟ್ಟೆಗೆ ಹೋಗಿ ಕೂರುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದುಂಟೇ?

ಈರ ಹೋದ ಮೇಲೆ ಸುಮಿತ ಬಾವಿಕಟ್ಟೆಯ ಹತ್ತಿರ ಅಪ್ಪನನ್ನು ಅಡ್ಡಗಟ್ಟಿದಳು.

“ನೀ ಹೇಳ್ತ್ಯೋ, ನಾ ಮಾವಂಗೆ ಹೇಳ್ಲೋ?”

“ನಾ ನೋಡ್ಕಂತೆ.”

“ಹೆಂಗೆ ನೋಡ್ಕಂತೆ?”

“ನೋಡ್ಕಂತೆ ಅಂದ್ನಲ್ಲ! ಮಾವನ ಬಲೆ ಅಲ್ಲಿ ಬೀಳೂದಿಲ್ಲ. ನಿನ್ನ ಮೇಲಾಣೆ.”

“ನನ್ನ ಮೇಲೆ ಎಂತಕೆ ಆಣೆ? ನನ್ನ ಹೆಸರು ಒಂದ್ಸಲ ಹಾಳು ಮಾಡಿದ್ದು ಸಾಕಾಗ್ಲಿಲ್ವಾ?” ಎಂದು ಅವಳು ಕೊಡ ಎತ್ತಿಕೊಂಡು ಹೋದಳು. ಮಾಡಿದ್ದುಣ್ಣೋ ಮಹಾರಾಯ ಎಂದು ಜಟ್ಟ ತನಗೆ ತಾನೇ ಅಂದುಕೊಂಡ.

ಬೆಳಗಾಗುತ್ತಲೇ, ಹೊಸ ಬೋಟಿನವರು ಇನ್ನೂ ತೆಂಗಿನಕಾಯಿ ಹುಡುಕುತ್ತಿರುವಾಗಲೇ, ಜಟ್ಟ ತನ್ನ ಬೋಟು ಬಿಡಿಸಿದ. ಅಳಿವೆ ದಾಟಿ ನೇರ ನೈಋತ್ಯಕ್ಕೆ. ಹಳೇ ಮಿಶಿನ್ನಿನ ಕಪ್ಪು ಗೆರೆ ಈಗ ಪರದೆಯ ಅರ್ಧ ನುಂಗಿತ್ತು, ಆದರೆ ಆ ಜಾಗಕ್ಕೆ ಅವನಿಗೆ ಮಿಶಿನ್ನು ಬೇಕಿರಲಿಲ್ಲ. ಎರಡು ತಾಸಿನ ಮೇಲೆ ಎಂಜಿನ್ ನಿಧಾನ ಮಾಡಿ, “ಲಂಗರು ಹಾಕಿ” ಎಂದ.

ಹಿರಿಯ ಖಲಾಸಿ ಶುಕ್ರ ಸುತ್ತ ನೋಡಿದ. “ಇಲ್ಲಿಯಾ? ಇಲ್ಲಿ ಎಂತ ಅದೆ ಜಟ್ಟಣ್ಣಾ?”

“ಹಾಕು ಅಂದ್ರೆ ಹಾಕು.”

ಅವನ ಲೆಕ್ಕ ಇಷ್ಟೇ. ಜಾಗದಲ್ಲಿ ಮೊದಲೇ ಒಂದು ಬೋಟು ಲಂಗರು ಹಾಕಿ ಕೂತಿದ್ದರೆ ಇನ್ನೊಬ್ಬ ಬಲೆ ಬಿಡುವಂತಿಲ್ಲ. ಈರ ಬರುತ್ತಾನೆ, ನೋಡುತ್ತಾನೆ, ಕೊಟ್ಟದ್ದನ್ನು ಕಸಿದುಕೊಂಡ ಎಂದು ಬೈಯುತ್ತಾನೆ. ಬೈಯಲಿ. ಆಸೆಬುರುಕ ಬಾವ ಅಂತ ಬಂದರೆಲ್ಲ ಆಡಿಕೊಳ್ಳಲಿ. ಮೀನು ಮುಚ್ಚಿಟ್ಟವನ ಮೇಲೆ ಸಿಟ್ಟು ನಾಲ್ಕು ದಿನ. ಒಂದೆರಡು ದಿನದಲ್ಲಿ ಹೂ ಬಾಡಿದ ಮೇಲೆ ಮಿಶಿನ್ನು ತಿದ್ದಿದರಾಯಿತು.

ಬಿಸಿಲು ಏರಿದ ಮೇಲೆ ಹೊಸ ಬೋಟು ಬಂತು. ಮೂತಿಯ ತುಂಬ ಚಂಡುಹೂವು. ಹತ್ತಿರ ಹತ್ತಿರ ಬಂದಂತೆ ಈರ ಕೈ ಬೀಸುವುದು ನಿಂತಿತು.

“ಬಾವಾ! ಇದೆಂತ? ಕೊಟ್ಟಿದ್ದು ಕೊಟ್ಟೆ, ರಾತ್ರಿ ಬೆಳಗಾಗೂದ್ರೊಳಗೆ ನೀನೇ ಬಂದು ಕೂತ್ಯಾ?”

ಜಟ್ಟ ಲಂಗರಿನ ಹಗ್ಗದ ಕಡೆ ನೋಡಿದ.

“ಮೊದಲ ಬಲೆ ಮಾರಾಯ! ಅಷ್ಟು ಆಸೆ ಇದ್ರೆ ಕೊಡಬಾರದಿತ್ತು. ಮಂದಿ ಎದ್ರಿಗೆ ಕಾಲು ಮುಟ್ಟಿದ್ನಲ್ಲ ನಾನು, ಎಂಥಾ ಹೆಡ್ಡ!”

ಅವನ ಧ್ವನಿ ಒಡೆದಿತ್ತು. ಜಟ್ಟನಿಗೆ ಅದನ್ನು ಕೇಳಲಾಗಲಿಲ್ಲ. ಈರ ಹೊರಟುಹೋದ ಮೇಲೆ ಎತ್ತಬೇಕೆಂದುಕೊಂಡ ಲಂಗರನ್ನು, ತಡೆಯಲಾಗದೆ ಈಗಲೇ “ಎತ್ತಿ” ಎಂದುಬಿಟ್ಟ. ಶುಕ್ರನೂ ಇನ್ನಿಬ್ಬರೂ ಹಗ್ಗ ಹಿಡಿದು ಜಗ್ಗಿದರು. ಬರಲಿಲ್ಲ. ನಾಲ್ಕನೆಯವನು ಕೈ ಹಾಕಿದ. ಬರಲಿಲ್ಲ. ಜಟ್ಟ ಎಂಜಿನ್ ಮುಂದಕ್ಕೆ ಕೊಟ್ಟ, ಹಿಂದಕ್ಕೆ ಕೊಟ್ಟ. ಹಗ್ಗ ಬಿಗಿದು ನೀರು ಹಿಂಡಿತು, ಬೋಟಿನ ಮೂತಿ ಕೆಳಗೆ ಬಾಗಿತು. ಲಂಗರು ಅಲ್ಲಾಡಲಿಲ್ಲ.

ಬೈಯುತ್ತಿದ್ದ ಈರ ಕ್ಯಾಬಿನ್ನಿನಿಂದ ಹೊರಗೆ ಬಂದು ನಿಂತ. ಹನ್ನೆರಡು ವರ್ಷ ಅದೇ ಹಗ್ಗ ಎಳೆದವನು ಅವನು. ಕೆಸರಿನಿಂದ ಲಂಗರು ಬರುತ್ತದೆ, ಮರಳಿನಿಂದ ಬರುತ್ತದೆ. ಅವನು ಹಗ್ಗ ನೋಡಿದ, ಜಟ್ಟನನ್ನು ನೋಡಿದ, ಒಳಗೆ ಹೋದ. ಗಾಜಿನಾಚೆ ಮಿಶಿನ್ನಿನ ಮೇಲೆ ಅವನ ಬಗ್ಗಿದ ತಲೆ ಜಟ್ಟನಿಗೆ ಕಾಣುತ್ತಿತ್ತು.

ಮತ್ತೆ ಹೊರಗೆ ತಲೆ ಹಾಕಿದಾಗ ಈರನ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ.

“ಬಾವಾ, ಇದು ಎಷ್ಟನೇ ಅತ್ತೆ?”

“ನಾಲ್ಕು” ಎಂದ ಜಟ್ಟ.

“ಕೇಳ್ಲಿಲ್ಲ.”

ಎರಡು ಎಂಜಿನ್ನುಗಳ ಸದ್ದು ಮಧ್ಯದಲ್ಲಿತ್ತು. ಎರಡೂ ಬೋಟಿನ ಖಲಾಸಿಗಳು ಕೈ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಜಟ್ಟ ಬಾಯಿಗೆ ಅಂಗೈ ಅಡ್ಡ ಹಿಡಿದು, ಇದ್ದಷ್ಟೂ ಉಸಿರಿನಿಂದ ಕೂಗಿದ.

“ನಾಲ್ಕು! ಕಲ್ಲು ಅದೆ ಇಲ್ಲಿ, ಅತ್ತೆ ನಾಲ್ಕು!”

ಈರ ಒಳಗೆ ಹೋಗಿ ಮಿಶಿನ್ನಿನ ಮೇಲಿನ ಹೂ ತೆಗೆದಿಟ್ಟು, ಒಂದೇ ಬೆರಳಿನಲ್ಲಿ, ಅಭ್ಯಾಸವಿಲ್ಲದವರ ಹಾಗೆ ನಿಧಾನವಾಗಿ ಗುಂಡಿ ಒತ್ತತೊಡಗಿದ. ಬಹಳ ಹೊತ್ತು ಒತ್ತಿದ. ಆಮೇಲೆ ತಿರುಗಿ ನೋಡದೆ ಬೋಟನ್ನು ಪಡುವಣಕ್ಕೆ ತಿರುಗಿಸಿಕೊಂಡು ಹೋದ.

ಶುಕ್ರ ಸೊಂಟದ ಕತ್ತಿ ತೆಗೆದು ಜಟ್ಟನ ಮುಂದೆ ಹಿಡಿದ. ಹಗ್ಗವನ್ನು ಜಟ್ಟ ತಾನೇ ಕೊಯ್ದ. ಕೊಯ್ದ ತುದಿ ಸ್ವಲ್ಪ ದೂರ ನೀರಿನ ಮೇಲೆ, ಚಂಡುಹೂವಿನ ಎಸಳುಗಳ ನಡುವೆ ತೇಲುತ್ತ ಹೋಗಿ, ನಿಧಾನವಾಗಿ ಒಳಗಿಳಿಯಿತು.